ಫೋಟೊದೊಳಗಿನ ಜಡೆ

ಗದಗಿನ ಟೇಲರ್ ಕಾಶವ್ವನಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿತು. ಡಾಕ್ಟರು ವಿಗ್ ಬರೆದುಕೊಟ್ಟರು. ಆ ಚೀಟಿ ಹಿಡಿದು ಅವಳು ವಿಮಾ ಕಚೇರಿಗೆ ಹೋದಳು.

"ವಿಗ್ ಅಂದ್ರ ಶೋಕಿ ಸಾಮಾನು. ವಿಮಾ ರೊಕ್ಕ ಸಿಗಂಗಿಲ್ಲ," ಅಂದ ಅಧಿಕಾರಿ, ಅವಳ ವಿಮಾ ಕಾರ್ಡು ನೋಡಿ ಹುಬ್ಬೇರಿಸಿದ. "ಫೋಟೊದಾಗ ಉದ್ದ ಜಡಿ ಐತಿ. ಇಕಿ ನೀನ ಅಂತ ಹೆಂಗ ನಂಬೂದು?"

ಕಾಶವ್ವ ತಲೆ ಮೇಲಿನ ಸೆರಗು ಸರಿಸಿ ತಲೆಯೆತ್ತಿ ನಿಂತಳು. "ಎರಡೂ ಮಾತು ಒಂದ ಹಾಳ್ಯಾಗ ಬರದು ಸಹಿ ಮಾಡ್ರಿ ಸಾಹೇಬ್ರ. ಕೂದಲ ಬರೇ ಶೋಕಿ ಅಂತ. ಕೂದಲ ಇಲ್ಲಂದ್ರ ನಾ ಕಾಶವ್ವ ಅಲ್ಲ ಅಂತ."

ಅಧಿಕಾರಿ ಮೊದಲ ಸಾಲು ಬರೆದ. ಎರಡನೆಯದಕ್ಕೆ ಪೆನ್ನು ನಿಂತಿತು. ಹಾಳೆ ಹರಿದು, ಅರ್ಜಿಯ ಮೇಲೆ ಮಂಜೂರು ಅಂತ ಬರೆದ.

"ಮುಂದಿನ ಸಲ ವಿಗ್ ಹಾಕ್ಕೊಂಡ ಬರ್ರಿ ಅಕ್ಕಾರ," ಅಂದ.

"ಅದು ನನ್ನ ಖುಷಿರೀ," ಅಂದಳು ಕಾಶವ್ವ. "ನಿಮಗ ಉತ್ತರ ಕೊಡಾಕ ಈ ಬೋಳ ತಲೀನ ಸಾಕಾತಲ್ರಿ."