ಲ ಮತ್ತು ಳ ಅದಲುಬದಲಾದ ದಿನ

ಊರೂರಿನ ಹವ್ಯಾಸಿಗಳು ಸೇರಿ ಕನ್ನಡ ಟೈಪಿಂಗಿಗೆ ಒಂದು ಮುಕ್ತ ತಂತ್ರಾಂಶ ಕಟ್ಟಿದ್ದರು. ಏನೇ ಬದಲಾವಣೆ ಆಗಬೇಕಾದರೂ ಎಲ್ಲರೂ ಕೂತು ಒಪ್ಪಬೇಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ದಾವಣಗೆರೆಯ ವಾರಿಜಾ.

ಒಂದು ದಿನ ಸ್ಥಾಪಕ ಪಂಪಾಪತಿಯವರು ಗುಡುಗಿದರು. "ಬಳಗ ಹುಟ್ಟುಹಾಕಿದ್ದು ನಾನು. ವಿನ್ಯಾಸದಲ್ಲಿ ಕೊನೆಯ ಮಾತೂ ನನ್ನದೇ. ಯಾರನ್ನೂ ಕೇಳಬೇಡ, ಲ, ಳ ಕೀಲಿಗಳನ್ನು ಅದಲುಬದಲು ಮಾಡು. ನನ್ನ ಬೆರಳಿಗೆ ಅದೇ ಅನುಕೂಲ."

ವಾರಿಜಾಳಿಗೆ ಒಳಗೊಳಗೇ ಉರಿಯಿತು. ಆದರೆ ಜಗಳಕ್ಕಿಳಿದರೆ ಬಳಗವೇ ಒಡೆದೀತು. "ಆಗಲಿ ಸರ್. ನಿರ್ಧಾರ ನಿಮ್ಮದು ಅಂತ ತಂತ್ರಾಂಶದ ಮೊದಲ ಪುಟದಲ್ಲೇ ಹೆಸರು ಹಾಕ್ತೀನಿ. ಫೋನ್ ನಂಬರೂ ಇರಲಾ?"

"ಧಾರಾಳವಾಗಿ ಹಾಕಮ್ಮ, ದಪ್ಪ ಅಕ್ಷರದಲ್ಲಿ!"

ಬದಲಾವಣೆ ಹೊರಬಿದ್ದ ಮರುದಿನ ಪಂಪಾಪತಿಯವರು ಇಡ್ಲಿ ಮುರಿಯುವಷ್ಟರಲ್ಲಿ ಫೋನು ಬಂತು. "ಸ್ವಾಮಿ, ಪ್ರೆಸ್ಸಿಂದ ಮಾತಾಡ್ತಿದೀನಿ. ಮದುವೆ ಪತ್ರಿಕೆಯಲ್ಲಿ 'ಮಗಳು' ಹೋಗಿ 'ಮಗಲು' ಅಂತ ಅಚ್ಚಾಗಿದೆ. ಹೆಣ್ಣಿನ ಅಪ್ಪ ಇಲ್ಲೇ ನಿಂತಿದ್ದಾರೆ, ನೀವೇ ಮಾತಾಡಿ."

ಹೆಣ್ಣಿನ ಅಪ್ಪ ಬಹಳ ಹೊತ್ತು ಮಾತಾಡಿದರು. ಅವರ ಹಿಂದೆಯೇ ಮೇಷ್ಟರುಗಳ, ವಕೀಲರ ಫೋನುಗಳು ಸಾಲುಗಟ್ಟಿದವು.

ಸಂಜೆಗೆ ಪಂಪಾಪತಿಯವರ ದನಿ ಇಳಿದಿತ್ತು. "ವಾರಿಜಾ, ಮೊದಲಿದ್ದ ಹಾಗೇ ಮಾಡಿಬಿಡಮ್ಮ. ಇನ್ಮೇಲೆ ಎಲ್ಲಾ ಬಳಗದ ನಿರ್ಧಾರವೇ ಆಗಲಿ."

"ಸಂತೋಷ ಸರ್. ಹಾಗಾದ್ರೆ ಬಳಗವನ್ನು ಕೇಳಬೇಕಲ್ಲ, ನಾಳೆಯೇ ಸಭೆ ಕರೀತೀನಿ. ಅಲ್ಲೀವರೆಗೆ ಫೋನು ನೀವೇ ಎತ್ತಿ."