ಬೆನ್ನು ನೋಡಿದವಳು

“ಗುರುಗಳೇ, ಇನ್ನೊಬ್ಬನ ತಪ್ಪು ನಮಗೆ ತಿಳಿಯಿತು. ಹೇಳದೆ ಸುಮ್ಮನಿದ್ದೆವು. ತಪ್ಪು ಮಾಡಿದವನು ಅವನು, ನಾವು ಏನೂ ಮಾಡಿಲ್ಲ. ಅದೂ ಪಾಪವೇ?”

ಕೇಳಿದವನು ಮರಿದೇವ, ಒಂಬತ್ತು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಆ ದಿನ ಸಂಜೆ ಸಭೆಯ ಮುಂದೆ ಪುರಾಣ ಓದುವ ಕೆಲಸ ತನ್ನದೇ ಎಂದು ಅವನು ನಂಬಿದ್ದ. ಗುರುಗಳು ಅದನ್ನು ಎರಡು ವರ್ಷದ ಹಿಂದೆ ಬಂದ ಶಂಭುಲಿಂಗನಿಗೆ ಒಪ್ಪಿಸಿದ್ದರು. ಶಂಭುಲಿಂಗ ಬೆಳಗಿನಿಂದ ಪಕ್ಕದ ಕೋಣೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದ. ಪ್ರತಿ ಸಲವೂ ಒಂದೇ ಜಾಗದಲ್ಲಿ ಎರಡು ಸಾಲು ಬಿಟ್ಟು ಮುಂದೆ ಹೋಗುತ್ತಿದ್ದ. ಅದನ್ನು ಮರಿದೇವ ಕೇಳಿಸಿಕೊಂಡಿದ್ದ. ಹೇಳಿರಲಿಲ್ಲ.

ಗುರುಗಳು ಹಳೆಯ ಪುಸ್ತಕವೊಂದರ ಕಿತ್ತುಹೋದ ರಟ್ಟಿಗೆ ಅಂಟು ಹಚ್ಚುತ್ತಿದ್ದರು. ಬೆರಳು ಒರೆಸಿಕೊಂಡು, “ಕೂತುಕೋ, ಒಂದು ಕತೆ ಇದೆ” ಎಂದರು.

ಒಬ್ಬ ದೊರೆಯ ಅರಮನೆಯಲ್ಲಿ ಕಸೂತಿಯ ಕೋಣೆ ಇತ್ತು. ಅಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ಪಲ್ಲಕ್ಕಿಯ ಪರದೆ, ಆನೆಯ ಜೂಲು, ರಾಣಿಯ ಕುಪ್ಪಸ ಎಲ್ಲವನ್ನೂ ಹೊಲಿಯುತ್ತಿದ್ದರು. ಅವರಲ್ಲಿ ಹಿರಿಯಳು ದೇವೀರಮ್ಮ. ಮೂವತ್ತು ವರ್ಷದಿಂದ ಸೂಜಿ ಹಿಡಿದವಳು. ವಿಜಯದಶಮಿಯ ದಿನ ಪಟ್ಟದಾನೆಯ ಬೆನ್ನ ಮೇಲೆ ಹೊದೆಸುವ ಜೂಲು ಯಾವ ವರ್ಷವಾದರೂ ಅವಳ ಕೈಯದೇ ಆಗಿರುತ್ತಿತ್ತು.

ಒಂದು ವರ್ಷ ಹಾಗಾಗಲಿಲ್ಲ. ಕೋಣೆಗೆ ಬಂದು ನಾಲ್ಕೇ ವರ್ಷವಾಗಿದ್ದ ಹೊನ್ನಾಜಿ ಎಂಬವಳು ಒಂದು ಚಿಕ್ಕ ಬಟ್ಟೆಯ ಮೇಲೆ ನವಿಲು ಹೊಲಿದಿದ್ದಳು. ಅದು ರಾಣಿಯ ಕಣ್ಣಿಗೆ ಬಿತ್ತು. “ಈ ಸಲದ ಜೂಲಿನ ಮೇಲೆ ಇದೇ ನವಿಲು ಇರಲಿ, ಇದೇ ಹುಡುಗಿ ಮಾಡಲಿ” ಎಂದು ಅಪ್ಪಣೆಯಾಯಿತು.

ದೇವೀರಮ್ಮ ಹೊರಗೆ ನಕ್ಕಳು. ಒಳಗೆ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನಾಲ್ಕು ತಿಂಗಳು ಅವಳು ಆ ಬೆಂಕಿಯನ್ನು ಹೊತ್ತುಕೊಂಡು ಬಂದಳು, ಹೊತ್ತುಕೊಂಡು ಹೋದಳು. ಹೊನ್ನಾಜಿ ಕೆಟ್ಟವಳಾಗಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಬೈದುಕೊಂಡಾದರೂ ಇರಬಹುದಿತ್ತು. ಆದರೆ ಆ ಹುಡುಗಿ ಬೆಳಿಗ್ಗೆ ಬಂದವಳೇ “ದೇವೀರಕ್ಕ, ಕಾಲುನೋವು ಹೇಗಿದೆ?” ಎಂದು ಕೇಳುತ್ತಿದ್ದಳು. ಮನೆಯಿಂದ ತಂದದ್ದರಲ್ಲಿ ಮೊದಲ ಪಾಲು ಅವಳಿಗೇ ಕೊಡುತ್ತಿದ್ದಳು. ದೇವೀರಮ್ಮ ಅದನ್ನು ತಿನ್ನುತ್ತಿದ್ದಳು, ಉರಿಯುತ್ತಲೂ ಇದ್ದಳು. ಹೊಟ್ಟೆಕಿಚ್ಚಿಗೆ ತಿಂಡಿ ಹಾಕಿದರೆ ಅದು ತಣಿಯುವುದಿಲ್ಲ.

ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಜರಿಯ ಎಳೆಯನ್ನು ಬಟ್ಟೆಯ ಮೇಲೆ ಮಲಗಿಸಿ, ರೇಷ್ಮೆ ದಾರದಿಂದ ಕಟ್ಟುತ್ತ ಹೋಗಬೇಕು. ಎಳೆ ಮುಗಿದ ಕಡೆ ಅದರ ತುದಿಯನ್ನು ಬಟ್ಟೆಯ ಹಿಂದಕ್ಕೆ ಇಳಿಸಿ, ಅಲ್ಲಿ ಎರಡು ಹೊಲಿಗೆ ಹಾಕಿ ಬಿಗಿಯಬೇಕು. ಎಲ್ಲ ಮುಗಿದ ಮೇಲೆ, ಬಟ್ಟೆ ಚೌಕಟ್ಟಿನ ಮೇಲೆ ಬಿಗಿಯಾಗಿ ಇರುವಾಗಲೇ, ಹಿಂಬದಿಗೆ ತೆಳ್ಳಗೆ ಗೋಧಿ ಹಿಟ್ಟಿನ ಅಂಟು ಸವರಬೇಕು. ಒಣಗಿದ ಮೇಲೆ ಬಿಗಿದ ಎಳೆಗಳು ಅಲುಗಾಡುವುದಿಲ್ಲ; ಬಿಗಿಯದ ತುದಿಯನ್ನು ಬರೀ ಸವರಿದ ಅಂಟು ಹಿಡಿಯದು. ಆದರೆ ಒಮ್ಮೆ ಒಣಗಿತೆಂದರೆ ಒಳಗಿನ ತಪ್ಪನ್ನು ತಿದ್ದುವಂತೆಯೂ ಇಲ್ಲ. ತಿದ್ದಲು ಹೋದರೆ ಬಟ್ಟೆಯೇ ಹಾಳು. ಆದ್ದರಿಂದ ಅಂಟು ಹಚ್ಚುವ ಮುಂಚೆ ಬೆನ್ನು ನೋಡಬೇಕು. ಹೊಲಿದವಳು ನೋಡುವಂತಿಲ್ಲ, ಇನ್ನೊಬ್ಬಳು ನೋಡಬೇಕು. ತನ್ನ ಬೆನ್ನು ತನಗೆ ಕಾಣದು. ನೋಡಿದವಳೇ ಅಂಟನ್ನೂ ಹಚ್ಚಬೇಕು.

ನವಿಲು ಮುಗಿದ ದಿನ ಹೊನ್ನಾಜಿ ಬೇರೆ ಯಾರನ್ನೂ ಕರೆಯಲಿಲ್ಲ. ನೇರವಾಗಿ ಬಂದು, “ದೇವೀರಕ್ಕ, ನೀನೇ ಬೆನ್ನು ನೋಡ್ಬೇಕು. ಬೇರೆಯವರ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ” ಎಂದಳು.

ದೇವೀರಮ್ಮ ಚೌಕಟ್ಟನ್ನು ಮಗುಚಿ ಹಾಕಿ ಕೂತಳು. ಬಾಲದಿಂದ ಶುರುಮಾಡಿದಳು. ಒಂದೊಂದು ಗರಿಯನ್ನೂ ಬೆರಳಿನಿಂದ ತಡವಿದಳು. ತಪ್ಪಿಲ್ಲ. ರೆಕ್ಕೆಗೆ ಬಂದಳು. ತಪ್ಪಿಲ್ಲ. ತಾನು ಆ ವಯಸ್ಸಿನಲ್ಲಿ ಇಷ್ಟು ಚೊಕ್ಕವಾಗಿ ಮಾಡಿರಲಿಲ್ಲ ಎಂದು ಅವಳ ಬೆರಳಿಗೆ ಗೊತ್ತಾಯಿತು. ಮನಸ್ಸಿಗೆ ಅದನ್ನು ಒಪ್ಪುವ ಶಕ್ತಿ ಇರಲಿಲ್ಲ. ಹೊಟ್ಟೆ ಇನ್ನಷ್ಟು ಉರಿಯಿತು. ಕೊನೆಗೆ ಕುತ್ತಿಗೆಗೆ ಬಂದಳು. ಅಲ್ಲಿ ಜರಿಯ ಒಂದು ತುದಿ ಹಿಂದಕ್ಕೆ ಇಳಿದಿತ್ತು, ಹೊಲಿಗೆ ಬಿದ್ದಿರಲಿಲ್ಲ. ಮರೆತಿದ್ದಳು ಹುಡುಗಿ.

ದೇವೀರಮ್ಮನಿಗೆ ಸಂತೋಷವಾಯಿತು. ಮುಚ್ಚಿಡುವುದೇಕೆ? ಹಬ್ಬದ ಊಟ ಉಂಡಷ್ಟು ಸಂತೋಷವಾಯಿತು.

“ಏನಾದ್ರೂ ಕಂಡಿತಾ ಅಕ್ಕ?” ಎಂದು ಹೊನ್ನಾಜಿ ಕೇಳಿದಳು.

“ಏನೂ ಇಲ್ಲ ಕಣೇ. ಅಂಟು ತಾ.”

ದೇವೀರಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಕತ್ತರಿ ಹಾಕುತ್ತಿದ್ದಳು, ಕತೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಏನೂ ಮಾಡಿಲ್ಲವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮರೆತವಳು ಅವಳು. ನಾನು ಬರೀ ಹೇಳಲಿಲ್ಲ, ಅಷ್ಟೆ. ಆನೆಯೇನು ನಿಂತಲ್ಲಿ ನಿಲ್ಲುವ ಪ್ರಾಣಿಯೇ? ಕೋಟೆಯ ಬಾಗಿಲು ದಾಟುವುದರೊಳಗೆ ಎಳೆ ಜಾರುತ್ತದೆ, ಪೇಟೆ ಮುಟ್ಟುವುದರೊಳಗೆ ಕುತ್ತಿಗೆ ಬಿಚ್ಚುತ್ತದೆ. ರಾಣಿಯೂ ನೋಡಲಿ, ಊರೂ ನೋಡಲಿ.

ಹೀಗೆ ಅಂದುಕೊಳ್ಳುತ್ತಲೇ ಅಂಟು ಸವರಿದಳು. ಒಂದು ವಿಷಯ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆರಳು ಕುತ್ತಿಗೆಯ ಹತ್ತಿರ ಬಂದಾಗ ತಾನಾಗಿಯೇ ನಿಂತಿತು. ಆ ಸಡಿಲ ತುದಿಯನ್ನು ನೇರಮಾಡಿ, ಅಂಟಿನಲ್ಲಿ ಒತ್ತಿ, ಎರಡೂ ಬದಿಗೆ ತೀಡಿ ಕೂರಿಸಿತು. ಮೂವತ್ತು ವರ್ಷ ಪಳಗಿದ ಬೆರಳು. ಬಾಯಿ ಸುಳ್ಳು ಹೇಳಿದರೂ ಅದಕ್ಕೆ ಕೆಟ್ಟ ಕೆಲಸ ಮಾಡಲು ಬರುತ್ತಿರಲಿಲ್ಲ.

ಅಂಟು ಒಣಗಲು ಮಧ್ಯಾಹ್ನದವರೆಗೆ ಬೇಕು. ಅಷ್ಟು ಹೊತ್ತು ಸಮಯವಿತ್ತು. ಹಸಿಯಾಗಿರುವಾಗ ಒದ್ದೆ ಬಟ್ಟೆಯಿಂದ ಒರೆಸಿ ಎರಡು ಹೊಲಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಹೊನ್ನಾಜಿ ಪಕ್ಕದಲ್ಲೇ ಕೂತು ಅವಲಕ್ಕಿ ಕೊಟ್ಟಳು. ಮಾತು ದೇವೀರಮ್ಮನ ನಾಲಿಗೆಯ ತುದಿಗೆ ಬಂತು. ಅವಲಕ್ಕಿಯ ಜೊತೆ ನುಂಗಿದಳು. ಮತ್ತೊಮ್ಮೆ ಬಂತು. ನೀರು ಕುಡಿದಳು. ಬಿಸಿಲು ಕಿಟಕಿಯಿಂದ ಆಚೆ ಸರಿದಾಗ ಹೊನ್ನಾಜಿ ಬಟ್ಟೆಯನ್ನು ಉಗುರಿನಿಂದ ಮೀಟಿ ನೋಡಿದಳು. ಟಣ್ಣೆಂದಿತು. ಒಣಗಿತ್ತು. ಹಿಂಬದಿ ಕಾಣದಂತೆ ಅಸ್ತರಿ ಬಟ್ಟೆ ಹೊಲಿದು ಮುಚ್ಚಿದರು.

ವಿಜಯದಶಮಿ ಬಂತು. ಊರೆಲ್ಲ ಅಂಬಾರಿಯಲ್ಲಿದ್ದ ದೊರೆಯನ್ನು ನೋಡಿತು. ದೇವೀರಮ್ಮ ಆನೆಯ ಪಕ್ಕೆಯನ್ನು ನೋಡಿದಳು. ಕೋಟೆಯ ಬಾಗಿಲು ದಾಟಿತು, ಪೇಟೆ ದಾಟಿತು, ಬನ್ನಿಮರ ಮುಟ್ಟಿ ಹಿಂದಕ್ಕೆ ಬಂತು. ನವಿಲು ನವಿಲಾಗಿಯೇ ಇತ್ತು. ರಾಣಿ ಹೊನ್ನಾಜಿಗೆ ಬಳೆ ಕೊಟ್ಟಳು, ಇನ್ನು ಪ್ರತಿ ವಿಜಯದಶಮಿಗೂ ಇದೇ ಜೂಲು ಇರಲಿ ಎಂದಳು.

ಈ ವರ್ಷ ತಪ್ಪಿತು, ಮುಂದಿನ ವರ್ಷ ಬಿಚ್ಚುತ್ತದೆ ಎಂದುಕೊಂಡಳು ದೇವೀರಮ್ಮ. ಮುಂದಿನ ವರ್ಷ ಮಳೆಯೂ ಬಂತು, ಆನೆ ಒಂದು ಕಡೆ ಬೆದರಿ ಮೈಯನ್ನೂ ಕೊಡವಿತು. ಅವಳ ಎದೆ ಹಾರಿತು. ಎಳೆ ಹಾರಲಿಲ್ಲ. ಅದರ ಮುಂದಿನ ವರ್ಷ ಕಾಲುನೋವು ಜಾಸ್ತಿಯಾಗಿದ್ದರೂ ಮೆರವಣಿಗೆಯ ಜೊತೆ ಕೊನೆಯವರೆಗೂ ನಡೆದಳು. “ದೇವೀರಮ್ಮನಿಗೆ ಪಟ್ಟದಾನೆಯ ಮೇಲೆ ಎಂಥ ಭಕ್ತಿ!” ಎಂದು ಊರವರು ಆಡಿಕೊಂಡರು. ಭಕ್ತಿಯಂತೆ! ಭಕ್ತರು ಕೂಡ ದೇವರನ್ನು ಅಷ್ಟು ನೆಟ್ಟ ನೋಟದಿಂದ ನೋಡುವುದಿಲ್ಲ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಅಷ್ಟರಲ್ಲಿ ಅವಳ ಸೂಜಿ ಮಂಕಾಯಿತು. ಯಾವ ಚೌಕಟ್ಟಿನ ಮುಂದೆ ಕೂತರೂ ಅದೇ ಕುತ್ತಿಗೆ, ಅದೇ ತುದಿ ಕಣ್ಣಿಗೆ ಕಟ್ಟುತ್ತಿತ್ತು. ಗಿಳಿ ಹೊಲಿಯಲು ಹೋಗಿ ತನ್ನ ಎಳೆಗಳನ್ನೇ ಬಿಗಿಯದೆ ಮರೆಯತೊಡಗಿದಳು. ದೊಡ್ಡ ಕೆಲಸಗಳು ಅವಳ ಬಳಿಗೆ ಬರುವುದು ನಿಂತಿತು. ಹೊನ್ನಾಜಿ ಕೋಣೆಯ ಯಜಮಾನಿಯಾದಳು. ಆದರೂ ಪ್ರತಿಯೊಂದು ಕೆಲಸ ಮುಗಿದಾಗಲೂ “ಬೆನ್ನು ನೋಡೋದಕ್ಕೆ ನಮ್ಮ ದೇವೀರಕ್ಕನೇ ಬರ್ಬೇಕು” ಎನ್ನುತ್ತಿದ್ದಳು. ಅವಳು ಹೋಗಿ ನೋಡುತ್ತಿದ್ದಳು. ಆ ಒಂದನ್ನು ಬಿಟ್ಟು ಮತ್ತೆ ಯಾವ ತಪ್ಪನ್ನೂ ಅವಳು ಬಚ್ಚಿಡಲಿಲ್ಲ. ಆ ಒಂದೇ ಸಾಕಾಗಿತ್ತು.

ಹನ್ನೆರಡನೆಯ ವರ್ಷ ಆನೆಯ ಬೆವರಿಗೆ ಜೂಲಿನ ಅಸ್ತರಿ ಹರಿಯಿತು. ಹೊಸದು ಹಾಕಲೆಂದು ಜೂಲನ್ನು ಕೋಣೆಗೆ ತಂದರು. ಹಳೆಯ ಅಸ್ತರಿಯನ್ನು ಬಿಚ್ಚುವಾಗ ದೇವೀರಮ್ಮ ಗೋಡೆಗೆ ಒರಗಿ ಕೂತಿದ್ದಳು.

ಹೊನ್ನಾಜಿ ನವಿಲಿನ ಕುತ್ತಿಗೆಯ ಹಿಂದೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದಳು.

“ಇಲ್ಲಿ ನೋಡ್ರೇ. ಈ ಎಳೆಗೆ ನಾನು ಹೊಲಿಗೆ ಹಾಕೋದನ್ನೇ ಮರೆತಿದ್ದೀನಿ. ಇದು ಮೊದಲನೇ ದಿನವೇ ಬಿಚ್ಚಿಹೋಗ್ಬೇಕಿತ್ತು. ಹನ್ನೆರಡು ವರ್ಷ ನಿಂತಿದೆ. ಯಾಕೆ ಗೊತ್ತಾ? ಎರಡೂ ಕಡೆ ಈ ಬೆರಳಿನ ಗುರುತು ನೋಡಿ. ಅಕ್ಕ ಕಂಡಿದ್ದಾಳೆ. ಹೇಳಿದ್ರೆ ನನಗೆ ಎಲ್ಲರ ಮುಂದೆ ಅವಮಾನ ಆಗುತ್ತೆ ಅಂತ ಹೇಳದೆ, ತಾನೇ ಅಂಟಿನಲ್ಲಿ ಒತ್ತಿ ಹಿಡಿದಿದ್ದಾಳೆ. ನನ್ನ ಮಾನ ಹನ್ನೆರಡು ವರ್ಷ ಇವಳ ಬೆರಳಲ್ಲಿತ್ತು.”

ಹೀಗೆ ಹೇಳಿ, ಬಂದು ದೇವೀರಮ್ಮನ ಕಾಲಿಗೆ ಬಿದ್ದಳು. ಕೋಣೆಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. “ಕೈ ಅಂದರೆ ಇದು, ಮನಸ್ಸು ಅಂದರೆ ಇದು” ಎಂದರು. ಸುದ್ದಿ ರಾಣಿಯವರೆಗೂ ಹೋಯಿತು.

ದೇವೀರಮ್ಮ ಇಡೀ ಬದುಕು ಬಯಸಿದ್ದು ಇಂಥ ಮಾತನ್ನೇ. ಈಗ ಅದು ಮೈಮೇಲೆ ಸುರಿಯುತ್ತಿತ್ತು. ಹೌದು ಎನ್ನಲಾರಳು, ಅಲ್ಲ ಎನ್ನಲಾರಳು. ಹನ್ನೆರಡು ವರ್ಷ ಆ ಎಳೆ ಬಿಚ್ಚಲಿ ಎಂದು ಅವಳು ಬೀದಿ ಬೀದಿ ನಡೆದಿದ್ದಳು. ಅದನ್ನು ಬಿಚ್ಚಗೊಡದೆ ಹಿಡಿದಿದ್ದುದು ಅವಳದೇ ಕೈ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. “ಏಳು ತಾಯಿ, ಏಳು” ಎಂದಷ್ಟೇ ಹೇಳಿ ಮನೆಗೆ ಹೋದಳು. ಆಮೇಲೆ ಅವಳು ಸೂಜಿ ಮುಟ್ಟಲಿಲ್ಲ. ವಿಜಯದಶಮಿಯ ದಿನ ಬಾಗಿಲು ಹಾಕಿಕೊಂಡು ಮನೆಯೊಳಗೇ ಇರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಪುಸ್ತಕ ಕೈಗೆತ್ತಿಕೊಂಡರು.

ಮರಿದೇವನಿಗೆ ತಡೆಯಲಾಗಲಿಲ್ಲ. “ಆಗಲಾದರೂ ನಿಜ ಹೇಳಬಹುದಿತ್ತಲ್ಲ ಗುರುಗಳೇ? ಹೇಳಿ ಹಗುರಾಗಬಹುದಿತ್ತಲ್ಲ?”

ಪಕ್ಕದ ಕೋಣೆಯಲ್ಲಿ ಶಂಭುಲಿಂಗ ಓದುತ್ತಿದ್ದ. ಅದೇ ಜಾಗಕ್ಕೆ ಬಂದ. ಎರಡು ಸಾಲು ಬಿಟ್ಟು ಮುಂದೆ ಹೋದ. ಸಭೆ ಕೂಡಲು ಇನ್ನೂ ಹೊತ್ತಿತ್ತು. ಗುರುಗಳು ತಲೆ ಎತ್ತದೆ ಹೇಳಿದರು:

“ಅವಳ ಅಂಟು ಹನ್ನೆರಡು ವರ್ಷದ ಹಿಂದೆಯೇ ಒಣಗಿತ್ತಪ್ಪ, ನಿನ್ನದು ಇನ್ನೂ ಹಸಿಯಾಗಿದೆ.”