ನೀಲಿ ಕಳೆಯುವವನು

“ಅಪ್ಪಾರ, ನನ್ನ ದನಿಯೊಳಗಿಂದ ನಮ್ಮವ್ವನ ದನಿ ಹೆಂಗ ತಗೀಲಿ?”

ಅಡವಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ವಿಭೂತಿ ಉಂಡೆಗಳನ್ನು ಒಣಗಲು ಇಡುತ್ತಿದ್ದರು. ಮರುದಿನ ಅವನಿಗೆ ದೀಕ್ಷೆ. ಮನೆ, ಹೊಲ, ಉಟ್ಟ ಬಟ್ಟೆ ಎಲ್ಲ ಬಿಟ್ಟು ಬಂದವನು. ಬಿಡಲಾಗದೆ ಉಳಿದದ್ದು ಒಂದೇ. ಪ್ರಾರ್ಥನೆ ಹಾಡಲು ಬಾಯಿ ತೆರೆದರೆ ಸಾಕು, ತೀರಿಹೋದ ತಾಯಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದದ ಎಳೆತ ಅದರೊಳಗೆ ಬಂದುಬಿಡುತ್ತಿತ್ತು. ಅದು ಹೋಗದಿದ್ದರೆ ಇನ್ನು ಜೀವಮಾನವಿಡೀ ಹಾಡುವುದೇ ಇಲ್ಲ ಎಂದು ಅವನು ನಿರ್ಧರಿಸಿಬಿಟ್ಟಿದ್ದ. ಇದನ್ನು ಹೇಳುವಾಗ ಅವನಿಗೆ ಅಳು ಬಂತು.

ಗುರುಗಳು ತಟ್ಟನೆ ಸಮಾಧಾನ ಹೇಳುವವರಲ್ಲ. ಕೂತುಕೋ ಎಂದರು. ಹೋದ ವಾರ ತಮ್ಮ ಪ್ರವಚನ ಚಿತ್ರೀಕರಿಸಲು ಬಂದವರು ಹಿಂದೆ ನೀಲಿ ಬಟ್ಟೆ ಕಟ್ಟಿದ್ದು ನೆನಪಿದೆಯೇ ಎಂದು ಕೇಳಿದರು. ಅಡವಯ್ಯನಿಗೆ ನೆನಪಿತ್ತು. ಆ ನೀಲಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆದು, ಅದರ ಜಾಗದಲ್ಲಿ ಬೇಕಾದ ದೃಶ್ಯ ಇಡಬಹುದೆಂದು ಅವರೇ ಹೇಳಿದ್ದರು. ನನ್ನನ್ನು ಕೈಲಾಸದಲ್ಲಿ ಕೂರಿಸಿದ್ದಾರಂತೆ, ಹೋಗಿಬಂದದ್ದು ನನಗೇ ಗೊತ್ತಾಗಲಿಲ್ಲ ಎಂದು ಗುರುಗಳು ನಕ್ಕರು. ಆಮೇಲೆ ಕತೆ ಹೇಳಿದರು.

ಒಬ್ಬ ಕಸುಬುಗಾರನಿದ್ದ. ಚಿತ್ರಗಳಿಂದ ನೀಲಿ ಕಳೆಯುವುದು ಅವನ ಕೆಲಸ. ಅವನು ಮುಗಿಸಿಕೊಟ್ಟ ಚಿತ್ರದಲ್ಲಿ ಎಷ್ಟು ಹುಡುಕಿದರೂ ಒಂದು ಚುಕ್ಕೆ ನೀಲಿ ಸಿಗುತ್ತಿರಲಿಲ್ಲ. ಅದು ಅವನ ಹೆಮ್ಮೆ, ಸ್ವಲ್ಪ ಹುಚ್ಚೂ ಹೌದು.

ಒಬ್ಬ ನರ್ತಕಿ ಅವನಲ್ಲಿಗೆ ಬಂದಳು. ನದಿ ಮುಗಿಲಿನಿಂದ ಇಳಿಯುವ ನೃತ್ಯವೊಂದನ್ನು ಅವಳು ತನ್ನ ಗುರುವಿನಿಂದ ಕಲಿತಿದ್ದಳು. ಅದರಲ್ಲಿ ಕೈಕಾಲಿನ ಕೆಲಸ ಕಡಿಮೆ. ಬಿಚ್ಚಿದ ಕೂದಲೇ ನದಿ. ಅದನ್ನು ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಅವಳ ಮೊಣಕಾಲುಗಳು ಸೋತಿದ್ದವು, ವೈದ್ಯರು ಇನ್ನು ಕುಣಿಯಕೂಡದು ಎಂದಿದ್ದರು. ಹಾಗಾಗಿ ಕೊನೆಯ ಸಲ ನೀಲಿ ಪರದೆಯ ಮುಂದೆ ಕುಣಿದು, ಆ ಚಿತ್ರವನ್ನು ಇವನ ಕೈಗೆ ಕೊಟ್ಟಳು. ನೀಲಿ ತೆಗೆದು ಮುಗಿಲು ಇಡಬೇಕು. ನೃತ್ಯ ಉಳಿಯುವುದಾದರೆ ಇದರಲ್ಲೇ ಉಳಿಯಬೇಕಿತ್ತು.

ಅವನು ಕೆಲಸಕ್ಕೆ ಕೂತ. ಮುಖ, ಸೀರೆ, ಕೈ ಎಲ್ಲ ಪರದೆಯಿಂದ ಸಲೀಸಾಗಿ ಬಿಡಿಸಿಕೊಂಡು ಬಂದವು. ಕೂದಲಿನ ತುದಿಗೆ ಬಂದಾಗ ಕೆಲಸ ನಿಂತಿತು. ಎಳೆ ಎಷ್ಟು ತೆಳುವೆಂದರೆ ಹಿಂದಿನ ನೀಲಿ ಅದರೊಳಗಿಂದ ಹಾಯ್ದು ಕಾಣುತ್ತಿತ್ತು. ಮೆಲ್ಲಗೆ ತೆಗೆದರೆ ಕೂದಲ ಸುತ್ತ ನೀಲಿ ಅಂಚು ಉಳಿಯುತ್ತಿತ್ತು. ಅದನ್ನು ಅವನು ಸುತರಾಂ ಸಹಿಸಲಾರ. ಹಟ ಹಿಡಿದು ಕತ್ತರಿಸುವ ಅಂಚನ್ನು ಬಿಗಿ ಮಾಡಿದ, ಇನ್ನೂ ಬಿಗಿ ಮಾಡಿದ. ಕೊನೆಗೆ ನೀಲಿ ಪೂರಾ ಹೋಯಿತು. ಅವಳನ್ನು ಮುಗಿಲ ಮೇಲೆ ನಿಲ್ಲಿಸಿ, ಬಂದು ನೋಡಿ ಎಂದು ಹೇಳಿಕಳಿಸಿದ.

ನರ್ತಕಿ ನೋಡಿದಳು. ಕೂದಲಿನ ಎಳೆಗಳೆಲ್ಲ ಹೋಗಿ, ಕತ್ತರಿಸಿ ಅಂಟಿಸಿದ ಕಾಗದದ ಹಾಗೆ ಅವಳ ತಲೆ ಮುಗಿಲಲ್ಲಿ ತೂಗುತ್ತಿತ್ತು.

“ನಾ ಇದ್ದೀನಣ್ಣಾ,” ಎಂದಳು. “ನದಿ ಎಲ್ಲಿ?”

“ನೀಲಿ ಒಂದು ಚೂರೂ ಉಳಿದಿಲ್ಲ ನೋಡ್ರಿ,” ಎಂದ ಅವನು.

ಅವಳು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಬಯ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಈಗ ನಾಚಿಕೆಯಿಂದ ಊಟ ಸೇರದಾಯಿತು.

ಅವನು ಮೊದಲಿನ ಚಿತ್ರವನ್ನು ಮತ್ತೆ ತೆರೆದ. ಒಂದೇ ಒಂದು ಎಳೆಯನ್ನು ದೊಡ್ಡದು ಮಾಡಿ, ಕೂದಲು ಎಲ್ಲಿ ಮುಗಿಯುತ್ತದೆ, ನೀಲಿ ಎಲ್ಲಿ ಶುರುವಾಗುತ್ತದೆ ಎಂದು ಹುಡುಕತೊಡಗಿದ. ಎಳೆ ನಿಧಾನವಾಗಿ ಏಳುತ್ತಿತ್ತು, ಬಾಗುತ್ತಿತ್ತು, ಮತ್ತೆ ಏಳುತ್ತಿತ್ತು. ಕಪ್ಪು ತಿಳಿಯಾಗುತ್ತ ನೀಲಿಯಾಗುತ್ತಿತ್ತು. ನೀಲಿ ಗಾಢವಾಗುತ್ತ ಕೂದಲಾಗುತ್ತಿತ್ತು. ಗಡಿ ಎಲ್ಲೂ ಸಿಗಲಿಲ್ಲ. ನೋಡುತ್ತ ನೋಡುತ್ತ ತಾನು ಕುರ್ಚಿಯಲ್ಲಿ ಕೂತಿರುವುದು ಅವನಿಗೆ ಮರೆತೇಹೋಯಿತು. ತೇಲುತ್ತಿರುವುದು ಅವಳ ಕೂದಲೋ ತಾನೋ ತಿಳಿಯದಾಯಿತು. ಹಾಗೆ ತೇಲುತ್ತಿರುವಾಗಲೇ ಅವನಿಗೆ ಹೊಳೆಯಿತು. ಈ ಎಳೆ ಒಂಟಿಯಾಗಿ ಇದ್ದದ್ದೇ ಇಲ್ಲ. ಹಿಂದಿನಿಂದ ಏನೋ ಒಂದು ಹಾಯ್ದು ಬಂದಾಗಲೇ ಅದು ಎಳೆ.

ಅವನು ಮೈಯನ್ನು ಬೇರೆ, ಕೂದಲನ್ನು ಬೇರೆ ಮಾಡಿಟ್ಟುಕೊಂಡ. ಮೈಯ ಅಂಚನ್ನು ಬಿಗಿಯಾಗಿಯೇ ಬಿಟ್ಟ. ಕೂದಲನ್ನು ಕತ್ತರಿಸಲು ಹೋಗಲಿಲ್ಲ. ಎಳೆಯೊಳಗಿಂದ ನೀಲಿ ಎಷ್ಟು ಹಾಯ್ದು ಬಂದಿತ್ತೋ ಅಷ್ಟೇ ಮುಗಿಲನ್ನು ಅಲ್ಲಿ ಹಾಯಲು ಬಿಟ್ಟ. ಬಣ್ಣ ಬದಲಾಯಿತು, ಎಳೆ ಉಳಿಯಿತು.

ನರ್ತಕಿ ಮತ್ತೆ ಬಂದು ನೋಡಿದಳು. ಮುಗಿಲಿನಿಂದ ನದಿ ಇಳಿಯುತ್ತಿತ್ತು. ಕೂತಲ್ಲೇ ಅವಳ ತಲೆ ಆ ನೀರಿನ ಜೊತೆ ತೂಗತೊಡಗಿತು.

ಗುರುಗಳು ಇಷ್ಟು ಹೇಳಿ ಮತ್ತೆ ವಿಭೂತಿ ಉಂಡೆಗಳತ್ತ ತಿರುಗಿದರು. ಅಡವಯ್ಯನಿಗೆ ಕತೆ ಹಿಡಿಸಿತು, ಆದರೆ ಹಟ ಇಳಿಯಲಿಲ್ಲ. ಅದು ಕೂದಲಿನ ಮಾತಾಯಿತು, ತನ್ನ ದನಿಯಲ್ಲಿ ತಾಯಿಯದು ಯಾವುದು, ತನ್ನದು ಯಾವುದು ಎಂಬುದು ತನಗೆ ಚೆನ್ನಾಗಿ ಗೊತ್ತು ಎಂದ.

“ಹಂಗಾರ ನಿಮ್ಮವ್ವಂದು ಬಿಟ್ಟು, ನಿಂದಷ್ಟ ಒಂದು ಸಾಲು ಹಾಡು, ಕೇಳೋಣ,” ಎಂದರು ಗುರುಗಳು.

ಅಡವಯ್ಯ ಬಾಯಿ ತೆರೆದವನು ಹಾಗೆಯೇ ಕೂತ.